ಅಂಗಳದ ಕಾವಲುಗಾರನ ಆರೈಕೆ



ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಮನೆಗೆ ಹೋದವರನ್ನು ಮೊದಲು ಮಾತನಾಡಿಸುವವರು ಮನೆಯ ಯಜಮಾನರಲ್ಲ, ನಾಯಿ. ದಣಪೆ ದಾಟುವ ಮೊದಲೇ ಅದರ ವಿಚಾರಣೆ ಶುರುವಾಗುತ್ತದೆ. ಒಳಗಿನಿಂದ ಯಾರಾದರೂ "ಹಚಾ!" ಎಂದ ಮೇಲೆಯೇ ನೆಂಟರ ಕಾಲು ಜಗಲಿ ಹತ್ತುವುದು. ಒಂದು ಮನೆಗೂ ಇನ್ನೊಂದು ಮನೆಗೂ ಮಧ್ಯೆ ತೋಟ, ಗದ್ದೆ, ಬೆಟ್ಟ. ಗಂಡಸರು ಪೇಟೆಗೆ ಹೋದರೆ, ಮಕ್ಕಳು ಶಾಲೆಗೆ ಹೋದರೆ, ಮನೆಯಲ್ಲಿರುವ ಹೆಂಗಸರಿಗೆ ಅಂಗಳದ ನಾಯಿಯೇ ಜೊತೆ. ತೋಟಕ್ಕೆ ಮಂಗ ಬಂದರೆ ಅಟ್ಟುವುದು ಅದು, ಹಾವು ಕಂಡರೆ ಕೂಗುವುದು ಅದು, ರಾತ್ರಿ ಕೊಟ್ಟಿಗೆಯ ಕಡೆ ಏನೋ ಸದ್ದಾದರೆ ಎಚ್ಚರಿಸುವುದೂ ಅದೇ.

ಇಷ್ಟೆಲ್ಲ ಮಾಡುವ ಪ್ರಾಣಿಗೆ ನಾವು ಮಾಡುವುದೇನು? ಉಳಿದ ಅನ್ನಕ್ಕೆ ಒಂದಿಷ್ಟು ಮಜ್ಜಿಗೆ ಸುರಿದು ಹಾಕಿದರೆ ಆಯ್ತು ಎನ್ನುವವರೇ ಹೆಚ್ಚು. ಎಮ್ಮೆಗೆ ಜ್ವರ ಬಂದರೆ ಡಾಕ್ಟರನ್ನು ಕರೆಸುತ್ತೇವೆ, ನಾಯಿಗೆ ಬಂದರೆ "ಹುಲ್ಲು ತಿಂದು ತಾನೇ ಗುಣವಾಗುತ್ತದೆ" ಎಂದು ಸುಮ್ಮನಾಗುತ್ತೇವೆ. ನಾಯಿಯ ಆರೋಗ್ಯ ನಾಯಿಯೊಂದರ ಸಂಗತಿಯಲ್ಲ. ಅದನ್ನು ಅಲಕ್ಷಿಸಿದರೆ ಮನೆಯ ಮಗುವಿನ ಪ್ರಾಣಕ್ಕೇ ಸಂಚಕಾರ ಬಂದೀತು. ಅನ್ನ ಹಾಕುವವರು, ಮೈ ತೊಳೆಸುವವರು, ಉಣುಗು ಕೀಳುವವರು ಬಹುಪಾಲು ನಾವೇ ಆದ್ದರಿಂದ ಈ ಮಾತನ್ನು ಗೃಹಿಣಿಯರ ಈ ಪುಟದಲ್ಲೇ ಆಡಬೇಕು.

ಮೊದಲ ಸೂಜಿ

ಎಲ್ಲಕ್ಕಿಂತ ಮೊದಲು ಹುಚ್ಚುನಾಯಿ ರೋಗದ ಮಾತು. ಇಂಗ್ಲಿಷಿನಲ್ಲಿ ಇದನ್ನೇ ರೇಬೀಸ್ ಎನ್ನುವುದು. ಒಮ್ಮೆ ಲಕ್ಷಣ ಕಾಣಿಸಿಕೊಂಡಿತೆಂದರೆ, ನಾಯಿಯಾಗಲಿ ಮನುಷ್ಯರಾಗಲಿ ಉಳಿಯುವುದಿಲ್ಲವೆಂದೇ ಹೇಳಬೇಕು. ಇಂಥ ಭಯಂಕರ ರೋಗವನ್ನು ತಡೆಯುವುದು ಮಾತ್ರ ಬಹಳ ಸುಲಭ. ಮರಿಗೆ 3 ತಿಂಗಳು ತುಂಬಿದಾಗ ಒಂದು ಸೂಜಿ, ಡಾಕ್ಟರು ಹೇಳಿದಂತೆ ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಂದು. ಅಷ್ಟೇ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸಿನ ತಾರೀಖು, ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ಇದನ್ನೂ ಬರೆದಿಡಿ. ಮರೆತುಹೋಗುತ್ತದೆ ಎನ್ನುವವರು ಸೆಪ್ಟೆಂಬರ್ 28ನ್ನು ನೆನಪಿಟ್ಟುಕೊಳ್ಳಿ. ಅದು ವಿಶ್ವ ರೇಬೀಸ್ ದಿನ. ಈ ರೋಗಕ್ಕೆ 1885ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಲಸಿಕೆ ಕೊಟ್ಟ ಲೂಯಿ ಪಾಶ್ಚರ್ ತೀರಿಕೊಂಡದ್ದು 1895ರ ಅದೇ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಲಸಿಕೆ ಹಾಕುವ ಕಾರ್ಯಕ್ರಮಗಳೂ ನಡೆಯುತ್ತವೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ವಿಚಾರಿಸಿ.

"ನಮ್ಮದು ಮನೆ ಬಿಟ್ಟು ಹೋಗದ ನಾಯಿ, ಅದಕ್ಕೆಂತ ಆಗ್ತಿಲ್ಲೆ" ಎನ್ನುವ ಅಜ್ಜಿಯರಿದ್ದಾರೆ. ಆದರೆ ಹೊರಗಿನ ನಾಯಿ ನಿಮ್ಮ ಅಂಗಳಕ್ಕೆ ಬರುವುದಿಲ್ಲವೇ? ನರಿ, ಮುಂಗುಸಿ ತೋಟದಲ್ಲಿ ಓಡಾಡುವುದಿಲ್ಲವೇ? ಅವುಗಳಿಂದಲೂ ಈ ರೋಗ ಬರಬಹುದು.

ನಾಯಿಗೆ ರೋಗ ತಗುಲಿದೆಯೆಂದು ತಿಳಿಯುವುದು ಹೇಗೆ? ಸ್ವಭಾವ ಬದಲಾಗುತ್ತದೆ. ಸಾಧುವಾಗಿದ್ದದ್ದು ಮೈಮೇಲೆ ಬೀಳುತ್ತದೆ, ಇಲ್ಲವೇ ಚೂಟಿಯಾಗಿದ್ದದ್ದು ಕತ್ತಲೆ ಮೂಲೆ ಸೇರುತ್ತದೆ. ಕಲ್ಲು, ಕಟ್ಟಿಗೆ ಕಚ್ಚುತ್ತದೆ. ಕೂಗಿನ ದನಿ ಬೇರೆಯಾಗುತ್ತದೆ, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ, ನಡಿಗೆ ತೂರಾಡುತ್ತದೆ. ಒಂದು ಎಚ್ಚರಿಕೆ. ನೀರಿಗೆ ಹೆದರುವುದು ಮನುಷ್ಯರಲ್ಲಿ ಕಾಣುವ ಲಕ್ಷಣ. ನಾಯಿ ನೀರು ಕುಡಿಯಿತು, ಹಾಗಾಗಿ ಅದಕ್ಕೆ ಹುಚ್ಚಿಲ್ಲ ಎಂದು ತೀರ್ಮಾನಿಸಬೇಡಿ. ಗಂಟಲಿಗೆ ಎಲುಬು ಸಿಕ್ಕಿದೆಯೇನೋ ಎಂದು ಬಾಯಿಗೆ ಕೈ ಹಾಕಲೂ ಬೇಡಿ.

ಇದೇ ಮಾತು ಕೊಟ್ಟಿಗೆಗೂ ಅನ್ವಯಿಸುತ್ತದೆ. ಹುಚ್ಚುನಾಯಿ ಕಚ್ಚಿದ ದನಕ್ಕೂ ರೋಗ ಬರುತ್ತದೆ. ಆಕಳು ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ಗಂಟಲು ಕಟ್ಟಿದಂತೆ ವಿಚಿತ್ರವಾಗಿ ಕೂಗತೊಡಗಿದರೆ, ಏನೋ ಸಿಕ್ಕಿಕೊಂಡಿದೆ ಎಂದು ಗಂಟಲಿಗೆ ಕೈ ಹಾಕಿ ನೋಡುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿದೆ. ಕೈಯಲ್ಲಿ ಸಣ್ಣ ಗಾಯವಿದ್ದರೂ ಸಾಕು, ಅಪಾಯ. ಮೊದಲು ಪಶುವೈದ್ಯರನ್ನು ಕರೆಸಿ. ಅನುಮಾನವಿರುವ ಆಕಳಿನ ಹಾಲನ್ನು ಬಳಸಬೇಡಿ.

ಕಚ್ಚಿದರೆ ಏನು ಮಾಡಬೇಕು?

ಈ ಭಾಗವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರೂ ಅಡ್ಡಿಯಿಲ್ಲ.

ನಾಯಿ ಕಚ್ಚಿದ ಅಥವಾ ಪರಚಿದ ಗಾಯವನ್ನು ಕೂಡಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಗಾಬರಿಯಲ್ಲಿ ಎರಡು ನಿಮಿಷವೇ ಹದಿನೈದು ನಿಮಿಷದಂತೆ ಕಾಣುತ್ತದೆ. ಅರಿಸಿನ, ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ ಯಾವುದನ್ನೂ ಮೆತ್ತಬೇಡಿ. ಬಟ್ಟೆ ಬಿಗಿದು ಕಟ್ಟಬೇಡಿ. ಅಯೋಡಿನ್ ಇದ್ದರೆ ಹಚ್ಚಿ ಅಂದೇ ಆಸ್ಪತ್ರೆಗೆ ಹೋಗಿ. ಕಚ್ಚಿದ ದಿನ, 3ನೇ ದಿನ, 7ನೇ ದಿನ, ಆಮೇಲೆ 28ನೇ ದಿನ ಹೀಗೆ ತೋಳಿಗೆ ಸೂಜಿ. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನವೂ ಒಂದು ಸೇರುತ್ತದೆ. ಗಾಯ ಆಳವಾಗಿದ್ದರೆ, ಮುಖ, ಕುತ್ತಿಗೆ, ಕೈಬೆರಳುಗಳಲ್ಲಿದ್ದರೆ, ಗಾಯದ ಸುತ್ತ ಇನ್ನೊಂದು ಬಗೆಯ ಸೂಜಿಯನ್ನೂ ಕೊಡಬೇಕಾಗುತ್ತದೆ. ಅದಕ್ಕೆ ಇಮ್ಯುನೊಗ್ಲಾಬ್ಯುಲಿನ್ ಎಂದು ಹೆಸರು. ಅದನ್ನು ಕೇಳಿ ಪಡೆಯಿರಿ.

ಹೊಕ್ಕುಳ ಸುತ್ತ 14 ಸೂಜಿ ಎಂಬ ಹೆದರಿಕೆ ಹಿಂದಿನವರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಈಗಿನದು ಅಂಥ ನೋವಿನದ್ದಲ್ಲ. ಬಸುರಿಯರು, ಬಾಣಂತಿಯರು, ಎದೆಹಾಲು ಕೊಡುವವರು, ಎಲ್ಲರೂ ಹಾಕಿಸಿಕೊಳ್ಳಬಹುದು. ಹಾಕಿಸಿಕೊಳ್ಳಲೇಬೇಕು. ಪಥ್ಯವೇನೂ ಇಲ್ಲ. ಕಚ್ಚಿದ ನಾಯಿಯನ್ನು ಕೊಲ್ಲಬೇಡಿ, ಕಟ್ಟಿಹಾಕಿ 10 ದಿನ ನೋಡಿ. ಹತ್ತು ದಿನ ಕಳೆದರೂ ಆರೋಗ್ಯವಾಗಿದ್ದರೆ ಉಳಿದ ಸೂಜಿಗಳ ವಿಷಯ ಡಾಕ್ಟರು ಹೇಳುತ್ತಾರೆ. ಆದರೆ ಹತ್ತು ದಿನ ನೋಡಿ ಆಮೇಲೆ ಮೊದಲ ಸೂಜಿ ಎಂದುಕೊಳ್ಳಬೇಡಿ. ಮೊದಲ ಸೂಜಿ ಅಂದೇ.

ಮಕ್ಕಳು ಬೈಗುಳಕ್ಕೆ ಹೆದರಿ ನಾಯಿ ಪರಚಿದ್ದನ್ನು ಮುಚ್ಚಿಡುತ್ತಾರೆ. "ನಾಯಿ ಕಚ್ಚಿದರೆ ಬಂದು ಹೇಳು, ಯಾರೂ ಬೈಯುವುದಿಲ್ಲ" ಎಂದು ಇವತ್ತೇ ಮಕ್ಕಳನ್ನು ಕೂರಿಸಿಕೊಂಡು ಹೇಳಿ. ಈ ಒಂದು ಮಾತು ಒಂದು ಪ್ರಾಣ ಉಳಿಸಬಹುದು.

ಉಣುಗು ಮತ್ತು ಮಂಗನ ಕಾಯಿಲೆ

ನಮ್ಮ ಸೀಮೆಯ ನಾಯಿಯ ಪರಮ ಶತ್ರು ಉಣುಗು. ಬಯಲುಸೀಮೆಯವರಿಗೆ ಇದು ಕೇವಲ ಕಿರಿಕಿರಿ, ನಮಗೆ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಜನರಿಗೂ ಜ್ವರ ಬಂದಾಗ ಮಂಗನ ಕಾಯಿಲೆ ಮೊದಲು ಗುರುತಾಯಿತು. ಸೊರಬವೆಂದರೆ ಸಿದ್ದಾಪುರ, ಶಿರಸಿಗೆ ತಗುಲಿಕೊಂಡೇ ಇರುವ ತಾಲ್ಲೂಕು. ಕಾಯಿಲೆಗೆ ಗಡಿ ಗೊತ್ತಿಲ್ಲ. 2024ರಲ್ಲೂ ಸಿದ್ದಾಪುರ ತಾಲ್ಲೂಕಿನಲ್ಲಿ ಅದು ಜೀವ ತೆಗೆದುಕೊಂಡಿತು.

ನಾಯಿಯಿಂದ ನೇರವಾಗಿ ಮಂಗನ ಕಾಯಿಲೆ ಬರುವುದಿಲ್ಲ. ಅದನ್ನು ತರುವುದು ಕಾಡಿನ ಉಣುಗು. ಆದರೆ ಕಾಡಿನ ಉಣುಗು ಮನೆಯ ಜಗಲಿಯವರೆಗೆ ಬರಬೇಕಾದರೆ ಅದಕ್ಕೊಂದು ಸವಾರಿ ಬೇಕು. ದನ, ನಾಯಿಗಳೇ ಆ ಸವಾರಿ. ಕಾರ್ತಿಕ ಕಳೆದು ಚಳಿ ಬಿದ್ದಾಗಿನಿಂದ ಮಳೆ ಹಿಡಿಯುವವರೆಗೆ, ಅಂದರೆ ಸುಮಾರು ನವೆಂಬರಿನಿಂದ ಮೇ ತಿಂಗಳವರೆಗೆ, ಎಳೆ ಉಣುಗಿನ ಕಾಲ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ನಾವು ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ ತರುವುದೂ ಇದೇ ಕಾಲದಲ್ಲಿ, ಅಲ್ಲವೇ? ಬುಟ್ಟಿ ಹೊತ್ತು ಹೊರಟರೆ ಹಿಂದೆಯೇ ನಾಯಿಯೂ ಹೊರಡುತ್ತದೆ. ಈ ತಿಂಗಳುಗಳಲ್ಲಿ ಅದನ್ನು ಮನೆಯಲ್ಲೇ ಬಿಟ್ಟುಹೋಗಿ. ನೀವು ಹೋಗುವಾಗ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಿ. ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಆ ಎಣ್ಣೆ ಮನುಷ್ಯರಿಗೆ, ನಾಯಿಗಲ್ಲ. ಈ ಕಾಲದಲ್ಲಿ ನಾಯಿಯ ಹಾಸಿಗೆಗೆ ದರಕು ಬೇಡ, ಒಗೆಯಲು ಬರುವ ಗೋಣಿ ಅಥವಾ ಹಳೆಯ ಕಂಬಳಿ ಇರಲಿ.

ತೋಟದಲ್ಲೋ ಬೆಟ್ಟದಲ್ಲೋ ಮಂಗ ಸತ್ತುಬಿದ್ದರೆ ಅದರ ಹತ್ತಿರ ನೀವೂ ಹೋಗಬೇಡಿ, ನಾಯಿಯನ್ನೂ ಬಿಡಬೇಡಿ. ಮಂಗ ಸತ್ತ ಮೇಲೆ ಅದರ ಮೈಯ ಉಣುಗುಗಳು ಉದುರಿ ಅಲ್ಲೇ ಇರುತ್ತವೆ. ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಮನೆಯಲ್ಲಿ ಯಾರಿಗಾದರೂ ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ "ಮಾಮೂಲಿ ಜ್ವರ" ಎಂದು ಮಾತ್ರೆ ನುಂಗಿ ಮಲಗಬೇಡಿ. ಹಿಂದೆ ಕೊಡುತ್ತಿದ್ದ ಮಂಗನ ಕಾಯಿಲೆಯ ಲಸಿಕೆಯನ್ನು ಈಗ ಕೊಡುತ್ತಿಲ್ಲ, ಅದನ್ನು ನಂಬಿ ಕೂರುವಂತಿಲ್ಲ.

ನಾಯಿಯ ಮೈಯನ್ನು ದಿನಾ ಸಂಜೆ ಒಮ್ಮೆ ನೋಡಿ. ಕಿವಿಯ ಒಳಗೆ, ಕುತ್ತಿಗೆ ಪಟ್ಟಿಯ ಕೆಳಗೆ, ಕಾಲ್ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣುಗು ಅಡಗುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಂಡು, ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಚಿವುಟಿ ಸಾಯಿಸುವುದು, ಒಲೆಕಟ್ಟೆಯ ಮೇಲೆ ಒರೆಸುವುದು ಬೇಡವೇ ಬೇಡ. ಸೋಪಿನ ನೀರಿರುವ ಡಬ್ಬಿಗೆ ಹಾಕಿ, ಕೊನೆಗೆ ಸುಟ್ಟುಬಿಡಿ. ಕೈ ತೊಳೆದುಕೊಳ್ಳಿ. ಉಣುಗಿನಿಂದ ನಾಯಿಗೇ ಬರುವ ಜ್ವರವೂ ಉಂಟು. ಊಟ ಬಿಡುತ್ತದೆ, ಮಂಕಾಗುತ್ತದೆ, ವಸಡು ಬೆಳ್ಳಗಾಗುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಹೊತ್ತಿಗೆ ಸರಿಯಾಗಿ ತೋರಿಸಿದರೆ ಗುಣವಾಗುವ ಕಾಯಿಲೆ ಅದು.

ಮೈಗೆ ಸೀಮೆಎಣ್ಣೆ ಸವರುವುದು, ತೋಟಕ್ಕೆ ಹೊಡೆಯುವ ಕೀಟನಾಶಕ ಹಚ್ಚುವುದು ಮಾಡಬೇಡಿ. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಪಶುವೈದ್ಯರು ಕೊಡುವ ಹನಿ, ಮಾತ್ರೆ, ಕುತ್ತಿಗೆ ಪಟ್ಟಿಗಳಿವೆ. ಬೆಕ್ಕು ಇರುವ ಮನೆಯವರು ಮಾತ್ರ ಒಂದು ಮಾತು ಕೇಳಿ. ನಾಯಿಗೆ ಹಾಕುವ ಪರ್ಮೆಥ್ರಿನ್ ಔಷಧ ಬೆಕ್ಕಿನ ಪ್ರಾಣ ತೆಗೆಯುತ್ತದೆ. ಮನೆಯಲ್ಲಿ ಬೆಕ್ಕಿದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಹೊಟ್ಟೆಹುಳ ಮತ್ತು ನಮ್ಮ ಅಡಿಕೆ

ಮರಿಗೆ ಎರಡು ವಾರವಾದಾಗಿನಿಂದ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧ ಕೊಡುವುದು ರೂಢಿ. ನಾಯಿಯ ಹೊಟ್ಟೆಯ ಹುಳ ಮಕ್ಕಳಿಗೂ ದಾಟುತ್ತದೆ. ಅಂಗಳದ ಮಣ್ಣಿನಲ್ಲಿ ಆಡುವ ಮಕ್ಕಳ ಕೈ ತೊಳೆಸುವುದು ಇದಕ್ಕೇ.

ಒಂದು ಸ್ವಾರಸ್ಯ ಕೇಳಿ. ಕಳೆದ ಶತಮಾನದಲ್ಲಿ ನಾಯಿಗಳ ಲಾಡಿಹುಳಕ್ಕೆ ಹೊರದೇಶಗಳಲ್ಲೂ ಕೊಡುತ್ತಿದ್ದ ಔಷಧ ಅರಿಕೋಲಿನ್. ಅದು ನಮ್ಮ ಅಡಿಕೆಯಲ್ಲಿರುವ ಸತ್ವವೇ! ಹಾಗೆಂದು ಈಗ ನಾಯಿಗೆ ಅಡಿಕೆ ಜಜ್ಜಿ ತಿನ್ನಿಸಲು ಹೋಗಬೇಡಿ. ಅಳತೆ ತಪ್ಪಿದರೆ ಜೊಲ್ಲು, ವಾಂತಿ, ಭೇದಿ ಹತ್ತಿ ಪ್ರಾಣಕ್ಕೇ ಬರುತ್ತದೆ. ಅದಕ್ಕೇ ಅದನ್ನು ಬಿಟ್ಟು ಸುರಕ್ಷಿತವಾದ ಮಾತ್ರೆಗಳು ಬಂದವು. ಅಡಿಕೆ ಒಣಗಿಸುವ ಅಂಗಳದಲ್ಲಿ ಮರಿ ಅದನ್ನು ಕಚ್ಚಿ ಆಡುತ್ತಿದ್ದರೂ ಕಸಿದುಕೊಳ್ಳಿ.

ಇನ್ನೆರಡು ರೋಗಗಳ ಹೆಸರು ನೆನಪಿರಲಿ, ಡಿಸ್ಟೆಂಪರ್ ಮತ್ತು ಪಾರ್ವೊ. ಪಾರ್ವೊ ಬಂದರೆ ಮರಿ ರಕ್ತಭೇದಿ, ವಾಂತಿಯಿಂದ ಎರಡು ಮೂರು ದಿನದಲ್ಲೇ ಕೈಬಿಟ್ಟುಹೋಗುತ್ತದೆ. ಆರರಿಂದ ಎಂಟು ವಾರದ ಮರಿಗೆ ಮೊದಲ ಸೂಜಿ ಹಾಕಿಸಿ, ಮೂರು ನಾಲ್ಕು ವಾರಕ್ಕೊಮ್ಮೆ 16 ವಾರ ತುಂಬುವವರೆಗೆ ಮುಂದುವರಿಸಬೇಕು. ಆ ಸೂಜಿಗಳಲ್ಲಿ ಕೆಲವು ಇಲಿಜ್ವರವನ್ನೂ ತಡೆಯುತ್ತವೆ. ಮಳೆಗಾಲವಿಡೀ ಒದ್ದೆಯಾಗಿರುವ ನಮ್ಮ ತೋಟಗಳಲ್ಲಿ ಅದು ಅಗತ್ಯ. ಡಿಸ್ಟೆಂಪರ್ ಕಾಡಿನ ಪ್ರಾಣಿಗಳಿಗೂ ಹರಡುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನ ಸಿಂಹಗಳನ್ನು ಬಲಿ ತೆಗೆದುಕೊಂಡ ರೋಗಗಳಲ್ಲಿ ಅದೂ ಒಂದು. ನಮ್ಮ ನಾಯಿಗೆ ಸೂಜಿ ಹಾಕಿಸಿದರೆ ಬೆಟ್ಟದ ಆಚೆಯ ಕಾಡುನಾಯಿಗಳಿಗೂ ಉಪಕಾರವೇ.

ನಾಯಿಯ ತಟ್ಟೆಗೆ ಒಂದು ಅಡುಗೆ

ಬರಿಯ ಅನ್ನ ಮಜ್ಜಿಗೆಯಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಈ ಅಡುಗೆ ಮಾಡಿ ನೋಡಿ.

ಅಕ್ಕಿ ಒಂದು ಲೋಟ, ಹೆಸರುಬೇಳೆ ಅಥವಾ ತೊಗರಿಬೇಳೆ ಒಂದು ಲೋಟ, ಸಿಪ್ಪೆ ತೆಗೆದು ಹೆಚ್ಚಿದ ಸಿಹಿಗುಂಬಳ ಒಂದು ಲೋಟ, ನೀರು ಆರು ಲೋಟ. ಎಲ್ಲವನ್ನೂ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಉಪ್ಪು, ಹುಳಿ, ಖಾರ ಬೇಡ. ಪೂರ್ತಿ ಆರಿದ ಮೇಲೆ ಒಂದು ಸೌಟು ಮೊಸರು ಕಲಸಿ ಕೊಡಿ. ಮೊಟ್ಟೆ ತರುವ ಮನೆಯಾದರೆ ಬೇಯಿಸಿದ ಮೊಟ್ಟೆಯೊಂದನ್ನು ಕಿವುಚಿ ಹಾಕಿ. ಅಡುಗೆಮನೆಗೆ ಮೊಟ್ಟೆ ಬಾರದ ಮನೆಗಳಲ್ಲಿ ಹಿತ್ತಲ ಒಲೆ, ಬೇರೆ ಪಾತ್ರೆ ಇಟ್ಟುಕೊಳ್ಳಬಹುದು. ಅದೂ ಆಗದಿದ್ದರೆ ಅಂಗಡಿಯಲ್ಲಿ ಸಿಗುವ ನಾಯಿಯ ಆಹಾರವನ್ನು ಒಂದು ಹೊತ್ತಾದರೂ ಕೊಡಿ. ಬೆಳೆಯುವ ಮರಿಗೆ, ಮೊಲೆಯೂಡಿಸುವ ಹೆಣ್ಣುನಾಯಿಗೆ ಇದು ಬಹಳ ಮುಖ್ಯ. ಮರಿಗೆ ದಿನಕ್ಕೆ ನಾಲ್ಕು ಸಲ, ದೊಡ್ಡದಕ್ಕೆ ಎರಡು ಸಲ ಸಾಕು. ಪಕ್ಕೆಲುಬು ಕೈಗೆ ತಾಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಅದೇ ಸರಿಯಾದ ಮೈ.

ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಪಾಯಸ ಉಳಿಯಿತೆಂದು ದ್ರಾಕ್ಷಿ ಸಮೇತ ಸುರಿಯಬೇಡಿ. ಬೇಯಿಸಿದ ಎಲುಬು ಸಿಗಿದು ಕರುಳಿಗೆ ಚುಚ್ಚುತ್ತದೆ. ಮಾವಿನ ಗೊರಟೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಜ್ವರವೆಂದು ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆಗಳನ್ನು ಕೊಡುವುದೂ ಅಪಾಯ.

ತೋಟದ ವಿಷಗಳು, ಕಾಡಿನ ಉರುಳುಗಳು

ಮಳೆಗಾಲದ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಔಷಧ ಕಲಸಿದ ಡ್ರಮ್ಮನ್ನು ತೆರೆದಿಟ್ಟು ಊಟಕ್ಕೆ ಬಂದರೆ ಬಾಯಾರಿದ ನಾಯಿ ಅದಕ್ಕೇ ಬಾಯಿ ಹಾಕೀತು. ಡ್ರಮ್ಮಿಗೆ ಮುಚ್ಚಳ ಇರಲಿ, ಅಂದು ನಾಯಿಗೆ ಬೇರೆ ಕಡೆ ನೀರಿಡಿ. ಬಸವನಹುಳುವಿಗೆ ಹಾಕುವ ಗುಳಿಗೆ ಇನ್ನೂ ಕೆಟ್ಟದ್ದು. ಅದರ ವಾಸನೆಗೆ ನಾಯಿ ಮರುಳಾಗಿ ತಿನ್ನುತ್ತದೆ, ನಡುಕ ಬಂದು ಬೀಳುತ್ತದೆ. ಇಲಿಪಾಷಾಣವೂ ಹಾಗೆಯೇ. ವಿಷ ತಿಂದಿತೆಂದರೆ ಔಷಧದ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಪಶುವೈದ್ಯರಲ್ಲಿಗೆ ಓಡಿ. ಯಾವ ವಿಷವೆಂದು ತಿಳಿದರೆ ಅರ್ಧ ಚಿಕಿತ್ಸೆ ಆದಂತೆ. ಪಶುಪಾಲನಾ ಇಲಾಖೆಯ 1962 ಸಂಖ್ಯೆಯನ್ನು ಫೋನಿನ ಪಕ್ಕ ಬರೆದಿಟ್ಟುಕೊಳ್ಳಿ.

ಹಂದಿಗೆಂದು ಯಾರೋ ಕಟ್ಟಿದ ಉರುಳಿಗೆ ನಾಯಿ ಸಿಕ್ಕಿಬೀಳುತ್ತದೆ, ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆ ಕಚ್ಚಿ ದವಡೆಯನ್ನೇ ಕಳೆದುಕೊಳ್ಳುತ್ತದೆ. ಇಂಥವನ್ನು ಇಡುವುದೇ ಅಪರಾಧ. ನಾವು ಮಾಡಬಹುದಾದದ್ದು ಇಷ್ಟೇ, ನಾಯಿಯನ್ನು ಒಂಟಿಯಾಗಿ ಬೆಟ್ಟ ಅಲೆಯಲು ಬಿಡದಿರುವುದು. ಹಾವು ಕಚ್ಚಿ ಮುಖ ಊದಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಓಡಾಡಲು ಬಿಡದೆ ಎತ್ತಿಕೊಂಡೇ ಡಾಕ್ಟರಲ್ಲಿಗೆ ಹೋಗಿ. ಕಪ್ಪೆ ಕಚ್ಚಿ ಬಾಯಲ್ಲಿ ನೊರೆ ಬಂದರೆ, ಒದ್ದೆ ಬಟ್ಟೆಯಿಂದ ಬಾಯನ್ನು ಚೆನ್ನಾಗಿ ಒರೆಸಿ.

ರಾತ್ರಿಯ ಮಾತು ಬೇರೆಯೇ ಇದೆ. ಊರಂಚಿನ ಚಿರತೆಗೆ ನಾಯಿ ಬಹಳ ಸುಲಭದ ಬೇಟೆ. ಸರಪಳಿಯಲ್ಲಿ ಅಂಗಳಕ್ಕೆ ಕಟ್ಟಿದ ನಾಯಿಯಂತೂ ಬಡಿಸಿಟ್ಟ ಊಟ. ಬೇಕಾದರೆ ಹಗಲು ಸ್ವಲ್ಪ ಹೊತ್ತು ಕಟ್ಟಿ, ರಾತ್ರಿ ಮಾತ್ರ ಬಾಗಿಲಿರುವ ಕೋಣೆಯಲ್ಲೋ ಸುತ್ತ ಮತ್ತು ಮೇಲೆ ಗಟ್ಟಿ ಜಾಲರಿಯಿರುವ ಗೂಡಿನಲ್ಲೋ ಹಾಕಿ. ಬಚ್ಚಲ ಒಲೆಯ ಹತ್ತಿರದ ಬೆಚ್ಚಗಿನ ಜಾಗ ಮಳೆಗಾಲದಲ್ಲಿ ಅದಕ್ಕೆ ಸ್ವರ್ಗ. "ಒಳಗೆ ಹಾಕಿದರೆ ಕಾಯುವವರಾರು?" ಎಂದು ಕೇಳುತ್ತೀರಿ. ಒಳಗಿನಿಂದಲೂ ಅದು ಕೂಗುತ್ತದೆ. ನಿಮಗೆ ಬೇಕಾದದ್ದು ಅದರ ಕೂಗು ತಾನೇ, ಅದರ ಪ್ರಾಣವಲ್ಲವಲ್ಲ?

ದಬ್ಬೆ ಕಟ್ಟದೆ ಕಲಿಸುವುದು

ನಾಯಿ ಬಾಲಕ್ಕೆ ದಬ್ಬೆ ಕಟ್ಟಿದರೆ ನೆಟ್ಟಗಾದೀತೇ ಎಂಬ ಗಾದೆ ಇದೆ. ಬಾಲದ ಮಾತು ಇರಲಿ, ನಾಯಿ ಮಾತ್ರ ಕಲಿಯುತ್ತದೆ. ದಬ್ಬೆಯ ಬದಲು ತಾಳ್ಮೆ ಬೇಕು.

ಎರಡು ತಿಂಗಳ ಮರಿಯಿಂದಲೇ ಶುರುಮಾಡಿ. ಅದಕ್ಕಿಂತ ಮೊದಲು ತಾಯಿಯಿಂದ ಬಿಡಿಸಿ ತರಬೇಡಿ. ಒಂದು ಕೆಲಸಕ್ಕೆ ಒಂದೇ ಶಬ್ದ ಇರಲಿ. ಯಜಮಾನರು "ಕೂರು" ಎನ್ನುವುದು, ಮಕ್ಕಳು "ಸಿಟ್" ಎನ್ನುವುದು, ಅಜ್ಜಿ "ಕುತ್ಗ" ಎನ್ನುವುದು ಆದರೆ ಅದಾದರೂ ಏನು ಮಾಡೀತು? ಮನೆಮಂದಿಯೆಲ್ಲ ಕೂತು ಶಬ್ದಗಳನ್ನು ಗೊತ್ತುಮಾಡಿಕೊಳ್ಳಿ. ಬಾ, ಕೂರು, ಬೇಡ, ಒಳಗೆ, ಈ ನಾಲ್ಕು ಸಾಕು. ಹೇಳಿದಂತೆ ಮಾಡಿದ ಕೂಡಲೇ ಒಂದು ಚೂರು ದೋಸೆಯನ್ನೋ ಮೈದಡವಿ ಒಂದು ಮೆಚ್ಚುಗೆಯನ್ನೋ ಕೊಡಿ. ತಡವಾಗಿ ಕೊಟ್ಟರೆ ಯಾತಕ್ಕೆ ಕೊಟ್ಟಿರೆಂದು ಅದಕ್ಕೆ ತಿಳಿಯುವುದಿಲ್ಲ. ದಿನಕ್ಕೆ ಐದು ಐದು ನಿಮಿಷದಂತೆ ಎರಡು ಮೂರು ಸಲ ಸಾಕು.

"ಬಾ" ಎಂದು ಕರೆದು, ಬಂದ ಮೇಲೆ ಹೊಡೆಯಬೇಡಿ. ಮರುದಿನದಿಂದ ಅದು ಕರೆದರೆ ಬರುವುದಿಲ್ಲ. ಚಿರತೆಯೋ ಲಾರಿಯೋ ಎದುರಿಗಿರುವಾಗ "ಬಾ" ಎಂಬ ಒಂದು ಶಬ್ದವೇ ಅದರ ಪ್ರಾಣ ಉಳಿಸುವುದು. ಒಳಗೆ ಗಲೀಜು ಮಾಡಿದರೆ ಮೂತಿ ತಿಕ್ಕುವುದರಿಂದ ಪ್ರಯೋಜನವಿಲ್ಲ. ಉಂಡ ಕೂಡಲೇ, ಎದ್ದ ಕೂಡಲೇ ಹಿತ್ತಲಿನ ಒಂದೇ ಜಾಗಕ್ಕೆ ಕರೆದೊಯ್ಯಿರಿ, ವಾರದಲ್ಲಿ ಅದೇ ಅಭ್ಯಾಸವಾಗುತ್ತದೆ. ಕರು, ಬೆಕ್ಕು, ಕೆಲಸಕ್ಕೆ ಬರುವವರು, ನೆಂಟರ ಮಕ್ಕಳು, ಎಲ್ಲರ ಪರಿಚಯವೂ ಮರಿಯಾಗಿರುವಾಗಲೇ ಆಗಲಿ. ಹಗಲಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿ ಕಾವಲಿಗೆ ಚುರುಕಾಗುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಅದು ಚುರುಕಾಗುವುದಿಲ್ಲ, ಸಿಡುಕಾಗುತ್ತದೆ. ಕೊನೆಗೆ ಕಚ್ಚುವುದು ಕಳ್ಳನನ್ನಲ್ಲ, ಮನೆಯ ಮಾಣಿಯನ್ನೇ.

ಮಕ್ಕಳಿಗೂ ಪಾಠ ಬೇಕು. ಉಣ್ಣುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿ, ಈ ಮೂರರ ಹತ್ತಿರ ಹೋಗಬಾರದು. ಗೊತ್ತಿಲ್ಲದ ನಾಯಿ ಎದುರಾದರೆ ಓಡದೆ ಮರದಂತೆ ನಿಲ್ಲಬೇಕು. ದೊಡ್ಡಹಬ್ಬದ ಪಟಾಕಿಗೆ ನಾಯಿ ಹೆದರಿ ಓಡಿಹೋಗುತ್ತದೆ, ಅಂದು ಒಳಗಿನ ಕೋಣೆಯಲ್ಲಿರಲಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲೂ ಪೇಟೆಯ ಮನೆಯವರು ನಾಯಿಯನ್ನು ಹೊರಗೆ ಬಿಡದಿರುವುದೇ ಲೇಸು. ಕುತ್ತಿಗೆ ಪಟ್ಟಿಯ ಮೇಲೆ ಫೋನ್ ನಂಬರು ಬರೆದಿರಲಿ.

ಹೆಣ್ಣು ಮರಿ ಎಂಬ ತಪ್ಪಿಗೆ

ಕೊನೆಯದಾಗಿ ಒಂದು ಮಾತು. ಮರಿ ಬೇಕೆಂದು ಕೇಳಿ ಬರುವವರೆಲ್ಲ ಗಂಡು ಮರಿಯನ್ನೇ ಆರಿಸಿಕೊಂಡು ಹೋಗುತ್ತಾರೆ. ಉಳಿದ ಹೆಣ್ಣು ಮರಿಗಳನ್ನು ಗೋಣಿಯಲ್ಲಿ ಕಟ್ಟಿ, ಸಂತೆಯ ದಿನ ಪೇಟೆಯಲ್ಲೋ ಘಟ್ಟದ ತಿರುವಿನಲ್ಲೋ ಬಿಟ್ಟುಬರುತ್ತಾರೆ. ಕಣ್ಣು ಬಿಟ್ಟು ವಾರವೂ ಆಗಿರದ ಮರಿಗಳು! ಹೀಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆಯ ಮಾತು ಬಿಡಿ. ಹೆಣ್ಣೆಂಬ ಒಂದೇ ಕಾರಣಕ್ಕೆ ಬೇಡವಾಗುವುದರ ಸಂಕಟವನ್ನು ಹೆಂಗಸರಾದ ನಮಗೆ ಯಾರಾದರೂ ವಿವರಿಸಿ ಹೇಳಬೇಕೇ?

ಬದುಕಿ ಉಳಿದ ಮರಿಗಳೇ ಸೂಜಿಯಿಲ್ಲದ, ಹಸಿದ ಬೀದಿನಾಯಿಗಳಾಗುತ್ತವೆ. ಶಾಲೆಗೆ ನಡೆದುಹೋಗುವ ಮಕ್ಕಳಿಗೆ ಎದುರಾಗುವುದು ಅವೇ. ಹೆಣ್ಣುನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಗರ್ಭ ನಿಂತರೆ 63 ದಿನಕ್ಕೆ ಮರಿ. ಒಂದು ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ತಾಪತ್ರಯವೇ ಇಲ್ಲ. ಆರು ತಿಂಗಳು ದಾಟಿದ ಮೇಲೆ ಯಾವಾಗ ಮಾಡಿಸಬೇಕೆಂದು ಪಶುವೈದ್ಯರನ್ನು ಕೇಳಿ. ಹೆಣ್ಣುನಾಯಿ ಕಾವಲಿಗೆ ಗಂಡಿಗಿಂತ ಏನೂ ಕಡಿಮೆಯಲ್ಲ. ಅಲೆಮಾರಿತನ ಕಡಿಮೆ, ಮನೆಯ ಮಕ್ಕಳ ಮೇಲೆ ಪ್ರೀತಿ ಹೆಚ್ಚು ಎಂದು ಸಾಕಿದವರು ಹೇಳುತ್ತಾರೆ.

ಮರಿ ತರುವ ಯೋಚನೆಯಿದ್ದವರಿಗೆ ನನ್ನ ಸಲಹೆ ಇಷ್ಟು. ದಟ್ಟ ಕೂದಲಿನ ಚಳಿದೇಶದ ನಾಯಿ ನಮ್ಮ ಮಳೆಗೆ, ಉಣುಗಿಗೆ ತಡೆಯುವುದಿಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಮುಧೋಳದ ನಾಯಿ ನಮ್ಮ ರಾಜ್ಯದ ಹೆಮ್ಮೆಯೇ ಸರಿ. ಆದರೆ ಅದು ಬಯಲಿನಲ್ಲಿ ಓಡಲು ಹುಟ್ಟಿದ್ದು. ನಮ್ಮ ಜಡಿಮಳೆಗೆ ನಮ್ಮೂರ ನಾಡುನಾಯಿಯೇ ಸೈ. ಪಕ್ಕದ ಮನೆಯಲ್ಲಿ ಮರಿ ಹಾಕಿದ್ದರೆ ಹೋಗಿ ನೋಡಿ. ಯಾರೂ ಕೇಳದೆ ಉಳಿದ ಹೆಣ್ಣು ಮರಿಯೊಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಮನೆಗೆ ತನ್ನಿ. ತಂದ ದಿನವೇ ಕ್ಯಾಲೆಂಡರಿನಲ್ಲಿ ಸೂಜಿಯ ತಾರೀಖು ಬರೆಯಿರಿ.